ಅಂಬಿಗ ಇಲ್ಲದ ಕಟ್ಟು

ಬ್ಲಾಜೆಯ್ ಸೊಪ್ಕೊ ಅವರನ್ನು ನಾನು ಮೊದಲು ನೋಡಿದ್ದು ಕೊಶಿತ್ಸೆ ನಗರದಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಗ, ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ. ಸೈಕಲ್ ರಿಪೇರಿ ಅಂಗಡಿಯ ಕೆಳಗೆ ಒಂದು ನೆಲಮಾಳಿಗೆ. ಅಲ್ಲಿ ಕಾರ್ಡಿನ ಆಟದ ಕ್ಲಬ್ಬು. ನನಗೆ ಆ ಆಟದ ಗಂಧಗಾಳಿಯೂ ಇರಲಿಲ್ಲ. ಹಾಸ್ಟೆಲಿನಲ್ಲಿ ಬಿಸಿನೀರಿನ ಕೊಳವೆ ಒಡೆದು ಕೋಣೆಯೆಲ್ಲ ಕೊರೆಯುತ್ತಿತ್ತು. ನೆಲಮಾಳಿಗೆ ಬೆಚ್ಚಗಿರುತ್ತದೆ, ಒಂದು ಲೋಟ ಟೀ ಕೊಂಡರೆ ಸಂಜೆವರೆಗೆ ಯಾರೂ ಎಬ್ಬಿಸುವುದಿಲ್ಲ ಎಂದು ಕೋಣೆಯ ಗೆಳತಿ ಹೇಳಿದ್ದಳು. ಹಾಗಾಗಿ ಪುಸ್ತಕ ಹಿಡಿದುಕೊಂಡು ಹೋದೆ.

ಮೆಟ್ಟಿಲು ಇಳಿದ ಕೂಡಲೇ ಎಡಕ್ಕೆ ಒಂದು ಕೈತೊಳೆಯುವ ಬೋಗುಣಿ. ಅದರ ಮುಂದೆ ನಲವತ್ತೈದರ ಆಸುಪಾಸಿನ ಒಬ್ಬರು ಟ್ರಾಮ್ ಡಿಪೊದ ನೀಲಿ ಪ್ಯಾಂಟು ಹಾಕಿಕೊಂಡು, ಮರಳು ಬೆರೆತ ಸೋಪಿನಿಂದ ಕೈ ಉಜ್ಜುತ್ತಿದ್ದರು. ಉಗುರಿನ ಸಂದಿಯ ಗ್ರೀಸು ಹೋಗುವವರೆಗೆ ಉಜ್ಜಿದರು, ಒರೆಸಿಕೊಂಡು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಉಜ್ಜಿದರು. ನಮ್ಮೂರಿನಲ್ಲಿ ಅಮ್ಮ ಹಸುವಿನ ಕೆಚ್ಚಲಿಗೆ ಕೈ ಹಾಕುವ ಮೊದಲು ಹೀಗೆಯೇ ತೊಳೆಯುತ್ತಾಳೆ. ನಾನು ಅಲ್ಲೇ ನಿಂತು ನೋಡಿದ್ದು ಅದಕ್ಕೇ. ಆಮೇಲೆ ಅವರು ಮೂಲೆಯ ಮೇಜಿಗೆ ಹೋಗಿ, ಅಂಚಿಗೆ ಕೆಂಪು ಹೂವಿನ ಕಸೂತಿಯಿದ್ದ ಒಂದು ಬಿಳಿ ಬಟ್ಟೆಯನ್ನು ಹಾಸಿ, ಅದರ ಮೇಲೆ ತಮ್ಮ ಕಾರ್ಡಿನ ಕಟ್ಟು ಇಟ್ಟರು.

ಪುಸ್ತಕ ತೆರೆದವಳು ಒಂದು ಪುಟವನ್ನೂ ಓದಲಿಲ್ಲ. ಅವರ ಎದುರು ಕೂತಿದ್ದ ಯುವಕ ಒಂದೊಂದು ಕಾರ್ಡು ಇಟ್ಟಾಗಲೂ ಇವರು ಸುಮ್ಮನೆ ತಮ್ಮದೊಂದು ಕಾರ್ಡು ತೋರಿಸುತ್ತಿದ್ದರು, ಅವನು ತನ್ನದನ್ನು ತೆಗೆದುಬಿಡುತ್ತಿದ್ದ. ಇವರ ಕಡೆ ಮೇಜಿನ ಮೇಲೆ ಕಾದಾಡುವಂಥದ್ದು ಒಂದೂ ಇರಲಿಲ್ಲ. ಅರ್ಧ ಗಂಟೆಯಾದ ಮೇಲೆ ತಡೆಯಲಾರದೆ ಕೇಳಿದೆ.

"ಮಾವ, ನೀವು ಯಾಕೆ ಏನೂ ಮಾಡ್ತಿಲ್ಲ?"

"ಮಾಡ್ತಿದೀನಲ್ಲಮ್ಮ," ಅಂದರು ತಲೆ ಎತ್ತದೆ. "ಬೇಡ ಅಂತಿದೀನಿ."

ಪಕ್ಕದ ಮೇಜಿನವರು ನಕ್ಕರು. ಆ ಯುವಕ ಮಾತ್ರ ನಗಲಿಲ್ಲ. ಅವನು ತನ್ನ ಕೈಯಲ್ಲಿದ್ದ ಕಾರ್ಡುಗಳನ್ನು ಒಮ್ಮೆ ನೋಡಿ, "ಅಂಬಿಗ ಇದಾನಾ?" ಎಂದು ಕೇಳಿದ. ಬ್ಲಾಜೆಯ್ ಮಾವ ಬಲಗೈಯನ್ನು ಕಟ್ಟಿನ ಮೇಲೆ ಅಂಗೈ ಚಾಚಿ ಇಟ್ಟು, "ಇದಾನೆ," ಅಂದರು. ಅಷ್ಟೇ. ಯುವಕ ಎದ್ದು ಕೈಕುಲುಕಿ, ಕಾರ್ಡು ಎತ್ತಿಕೊಂಡು ಹೋದ. ಅಂಬಿಗನ ಮುಖ ಆವತ್ತು ಯಾರೂ ನೋಡಲಿಲ್ಲ.

ಇದು ಆ ನೆಲಮಾಳಿಗೆಯ ರೂಢಿ. ಬ್ಲಾಜೆಯ್ ಮಾವ ಆಡುತ್ತಿದ್ದದ್ದು ತಡೆಯುವ ಕಟ್ಟು. ಮೊದಲು ಎದುರಾಳಿಯ ಉಸಿರು ಕಟ್ಟಿಸುವುದು, ಅವನಿಗೆ ಮಾಡಲು ಏನೂ ಉಳಿಯದ ಹಾಗೆ ಮಾಡುವುದು. ಆಮೇಲೆ ಯಾವಾಗಲೋ ಗೆಲ್ಲಿಸುವ ಒಂದು ಕಾರ್ಡು ಕೈಗೆ ಬಂದಾಗ ಅದನ್ನಿಟ್ಟು ನಿಧಾನವಾಗಿ ಮುಗಿಸುವುದು. ಅವರಿಗೆ ಆ ಗೆಲ್ಲಿಸುವ ಕಾರ್ಡೇ ಅಂಬಿಗ: ದೋಣಿಯಲ್ಲಿ ಕೂತು ಹುಟ್ಟು ಹಿಡಿದ ಒಬ್ಬ ಮುದುಕನ ಚಿತ್ರ. ಆದರೆ ಅವನು ಬರುವವರೆಗೆ ಕಾದರೆ ಒಂದೊಂದು ಆಟವೂ ಒಂದೊಂದು ಗಂಟೆ. ನೆಲಮಾಳಿಗೆಯಲ್ಲಿ ಇದ್ದದ್ದು ಐದೇ ಮೇಜು. ಹಾಗಾಗಿ ಯಾವಾಗಲೋ ಈ ರೂಢಿ ಬಿತ್ತು: ಸಿಕ್ಕಿಬಿದ್ದವನು ಕೇಳಬಹುದು, ಸಿಕ್ಕಿಸಿದವನು ನಿಜ ಹೇಳಬೇಕು. ಅಚ್ಚಾದ ನಿಯಮದಲ್ಲಿ ಇದಿಲ್ಲ. ಅಲ್ಲಿ, ಕೈಯಲ್ಲಿ ಏನಿದೆ ಎಂದು ಕೇಳಿದರೆ ಸುಳ್ಳು ಹೇಳುವುದಕ್ಕೂ ಅಡ್ಡಿಯಿಲ್ಲ.

ನಾನು ಬಾರ್ಡೆಯೊವ್ ಕಡೆಯ ಹಳ್ಳಿಯವಳು. ಅಪ್ಪ ಸಹಕಾರಿ ಡೈರಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಮ್ಮ ಮನೆಯಿಂದ ಕಾಲೇಜಿನ ಬಾಗಿಲು ದಾಟಿದವರಲ್ಲಿ ನಾನೇ ಮೊದಲು. ಕಾರ್ಡು ಎಂದರೆ ಹೆಂಡದಂಗಡಿಯ ಆಟ ಎಂದು ಅಪ್ಪ ತಿಳಿದಿದ್ದ, ಆದ್ದರಿಂದ ಮನೆಯಲ್ಲಿ ಹೇಳಲಿಲ್ಲ. ನನಗೆ ಆಡುವ ಚುರುಕು ಇರಲಿಲ್ಲ, ಬರೆದಿಡುವ ಅಭ್ಯಾಸ ಇತ್ತು. ಶನಿವಾರ ಶನಿವಾರ ಹೋಗಿ ಬ್ಲಾಜೆಯ್ ಮಾವನ ಹಿಂದೆ ಕೂತು, ಚೌಕುಳಿ ಹಾಳೆಯ ಪುಸ್ತಕದಲ್ಲಿ ಪ್ರತಿ ಆಟವನ್ನೂ ಬರೆದುಕೊಂಡೆ. ಯಾವ ಸರದಿಯಲ್ಲಿ ಏನು ಬಂತು, ಯಾವುದು ಕೈಯಲ್ಲೇ ಕೊಳೆಯಿತು, ಎಲ್ಲಿ ಸೋತರು ಎಂದು. ಎರಡು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಆಟ.

ಅವರಿಗೆ ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಇದ್ದರು, ಆ ಕಸೂತಿ ಬಟ್ಟೆ ತಾಯಿಯದೇ. ಡಿಪೊದಲ್ಲಿ ಟ್ರಾಮಿನ ಬ್ರೇಕು ಸರಿಮಾಡುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಈ ಆಟ ಆಡುತ್ತಿದ್ದರೂ ಊರಿನಾಚೆ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಡಿಪೊದಲ್ಲಿ ಜೊತೆಯವರು ಮಕ್ಕಳ ಆಟ ಎಂದು ಛೇಡಿಸಿದರೆ, ಟ್ರಾಮನ್ನು ಓಡಿಸೋದಕ್ಕಿಂತ ನಿಲ್ಲಿಸೋದು ಕಷ್ಟ ಎಂದು ಹೇಳಿ ಸುಮ್ಮನಾಗುತ್ತಿದ್ದರಂತೆ.

ಅವರ ಕಟ್ಟಿನಲ್ಲಿ ಆಗ ಇಬ್ಬರು ಅಂಬಿಗರಿದ್ದರು. ನನ್ನ ಪುಸ್ತಕ ನೋಡಿ ನಾನೇ ಹೇಳಿದೆ, ಎರಡನೆಯವನು ಯಾವಾಗಲೂ ಬೇಗ ಬಂದು ಕೈಯಲ್ಲಿ ದಂಡವಾಗಿ ಕೂರುತ್ತಾನೆ, ಅವನ ಜಾಗಕ್ಕೆ ತಡೆಯುವ ಇನ್ನೊಂದು ಕಾರ್ಡು ಹಾಕಿದರೆ ಹತ್ತು ಆಟದಲ್ಲಿ ಒಂದು ಸೋಲು ತಪ್ಪುತ್ತದೆ ಎಂದು. ಅವರು ಮೂರು ವಾರ ಒಪ್ಪಲಿಲ್ಲ. ಅರವತ್ತು ಕಾರ್ಡಿಗೆ ಒಬ್ಬನೇ ಅಂದರೆ ಅವನು ತಳದಲ್ಲಿದ್ದರೆ ಗತಿಯೇನು ಎಂದರು. ತಳದಲ್ಲಿದ್ದರೂ ಇರುತ್ತಾನಲ್ಲ, ಕೇಳಿದವರಿಗೆ ಇದಾನೆ ಅಂತ ಹೇಳಬಹುದಲ್ಲ ಎಂದೆ. ನಾಲ್ಕನೇ ವಾರ ಒಬ್ಬನನ್ನು ತೆಗೆದರು. ಗೆಲುವು ಹೆಚ್ಚಿತು. ನನ್ನನ್ನು ತೋರಿಸಿ ಎಲ್ಲರ ಮುಂದೆ, "ನಮ್ಮ ಡೊರ್ಕಾ ಲೆಕ್ಕ ಹಾಕಿದ್ದು," ಅಂದರು. ಆ ಸಂತೋಷ ನನಗೆ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ.

ನನ್ನ ಓದಿನ ಕೊನೆಯ ವರ್ಷದ ಚಳಿಗಾಲದಲ್ಲಿ ಡಿಪೊದವರು ಪಾಳಿ ಬದಲಿಸಿದರು. ಜನವರಿಯಿಂದ ಬ್ರೇಕಿನವರಿಗೆಲ್ಲ ಶನಿವಾರವೂ ಕೆಲಸ. ಪಂದ್ಯಗಳೆಲ್ಲ ಶನಿವಾರವೇ. ಮೇಸ್ತ್ರಿ ಮಾರ್ಚ್ ಕೊನೆಯವರೆಗೆ ಮಾತ್ರ ಮಾವನಿಗೆ ಶನಿವಾರ ಬಿಟ್ಟುಕೊಡಲು ಒಪ್ಪಿದ್ದರು. ಮಾರ್ಚ್ ಮಧ್ಯದಲ್ಲಿ ಪ್ರೆಶೊವ್ ಊರಿನಲ್ಲಿ ಆಯ್ಕೆಯ ಪಂದ್ಯವಿತ್ತು. ಗೆದ್ದ ಒಬ್ಬರಿಗೆ ಗಡಿಯಾಚೆಯ ಬರ್ನೊ ನಗರದ ದೊಡ್ಡ ಪಂದ್ಯದಲ್ಲಿ ಜಾಗ, ಅದೂ ಮಾರ್ಚಿನ ಕೊನೆಯ ಶನಿವಾರವೇ. ಬ್ಲಾಜೆಯ್ ಮಾವ ಆಸೆಯನ್ನು ಬಾಯಿಬಿಟ್ಟು ಹೇಳುವವರಲ್ಲ. ಒಮ್ಮೆ ಮಾತ್ರ ನನ್ನ ಬಳಿ, "ಒಂದ್ಸಲ ಬರ್ನೊದಲ್ಲಿ ಆ ಬಟ್ಟೆ ಹಾಸ್ಬೇಕು ಕಣಮ್ಮ. ಆಮೇಲೆ ಬಿಟ್ರೂ ಆಯ್ತು," ಅಂದರು.

ನಾನು ಅವರಿಗೆ ಒಂದು ಹಾಳೆ ಮಾಡಿಕೊಟ್ಟೆ. ಒಂದು ಸುತ್ತಿಗೆ ಮೂರು ಆಟ, ಎರಡು ಗೆದ್ದವರದು ಸುತ್ತು. ಮೊದಲ ಆಟವಾದ ಮೇಲೆ, ಎದುರಾಳಿಯ ಕಟ್ಟು ನೋಡಿಕೊಂಡು, ಪಕ್ಕದಲ್ಲಿಟ್ಟ ಹದಿನೈದು ಕಾರ್ಡಿನಲ್ಲಿ ಬೇಕಾದ್ದನ್ನು ಒಳಗೆ ಹಾಕಿ, ಅಷ್ಟೇ ಸಂಖ್ಯೆಯಲ್ಲಿ ಬೇಡವಾದ್ದನ್ನು ಹೊರಗೆ ತೆಗೆಯಬಹುದು. ಆಗ ಬರಹದ ಹಾಳೆ ನೋಡಿಕೊಳ್ಳಲೂ ಅವಕಾಶವಿದೆ. ಯಾವ ಬಗೆಯ ಕಟ್ಟಿಗೆ ಏನು ಹೊರಗೆ, ಏನು ಒಳಗೆ ಎಂದು ಎರಡು ಪಟ್ಟಿಯಾಗಿ ಬರೆದೆ. ಬೆಂಕಿಯಂತೆ ನುಗ್ಗುವ ಕಟ್ಟುಗಳ ಎದುರು ಅಂಬಿಗ ತೀರಾ ನಿಧಾನ. ಅವನನ್ನೂ ಇನ್ನು ಮೂರನ್ನೂ ತೆಗೆದು, ಅವನ ಬದಲಿಗೆ 'ಕಲ್ಲಿನ ತಾಯಿ' ಎಂಬ ಕಾರ್ಡು ಹಾಕಬೇಕು. ಅವಳು ಬೆಂಕಿಯನ್ನೂ ತಡೆಯುತ್ತಾಳೆ, ಕೊನೆಗೆ ಗೆಲ್ಲಿಸಿಯೂ ಕೊಡುತ್ತಾಳೆ. ಕರಡು ಹಾಳೆಯಲ್ಲಿ ಅದು ಸರಿಯಾಗಿಯೇ ಇತ್ತು. ಪಂದ್ಯದ ಹಿಂದಿನ ಮಧ್ಯಾಹ್ನ ಚೆಂದದ ಅಕ್ಷರದಲ್ಲಿ ನಕಲು ಮಾಡುವಾಗ, ಕಲ್ಲಿನ ತಾಯಿ ಇರಬೇಕಾದ ಸಾಲಿನಲ್ಲಿ ಅದರ ಮೇಲಿದ್ದ, ಬರೀ ತಡೆಯುವ ಕಾರ್ಡಾದ 'ಮಳೆಗೋಡೆ'ಯನ್ನೇ ಇನ್ನೊಮ್ಮೆ ಬರೆದೆ. ಬರೆದಾದ ಮೇಲೆ ಎಣಿಸಿದೆ. ಹೊರಗೆ ನಾಲ್ಕು, ಒಳಗೆ ನಾಲ್ಕು. ಎಣಿಕೆ ಸರಿಯಿತ್ತು, ಆದ್ದರಿಂದ ಹಾಳೆಯೂ ಸರಿ ಎಂದುಕೊಂಡೆ.

ಪ್ರೆಶೊವ್‌ನ ಸಾಂಸ್ಕೃತಿಕ ಭವನದಲ್ಲಿ ಬ್ಲಾಜೆಯ್ ಮಾವ ಕೊನೆಯ ಸುತ್ತಿನವರೆಗೆ ಒಂದನ್ನೂ ಸೋಲದೆ ಬಂದರು. ಕೊನೆಯ ಸುತ್ತಿನಲ್ಲಿ ಎದುರು ಕೂತವರು ಅರ್ಪಾಡ್ ಸಾಲಾಯ್. ನಮ್ಮ ನೆಲಮಾಳಿಗೆಯವರೇ, ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆಯವರು. ನುಗ್ಗುವ ಬೆಂಕಿ ಕಟ್ಟೇ ಅವರದು, ಬಾಯಿಯೂ ಹಾಗೆಯೇ. ಇಬ್ಬರದೂ ಹದಿನೈದು ವರ್ಷದ ಸ್ನೇಹ. ಗೆದ್ದವರಿಗೆ ಬರ್ನೊ. ಐವತ್ತು ನಿಮಿಷದಲ್ಲಿ ಮುಗಿಯದೆ ಸರಿಸಮವಾದರೆ ಇಬ್ಬರಿಗೂ ಇಲ್ಲ, ಅಂಕದಲ್ಲಿ ಹಿಂದೆಯೇ ಇದ್ದ ಝಿಲಿನಾದ ಒಬ್ಬನಿಗೆ ಹೋಗುತ್ತದೆ.

"ನಿನ್ನ ಜೊತೆ ಆಡೋದು ಅಂದ್ರೆ ನಗರಸಭೆಲಿ ಸಾಲು ನಿಂತ ಹಾಗೆ ಕಣೋ," ಅಂದರು ಅರ್ಪಾಡ್ ಕೂರುತ್ತಾ. "ನಮ್ಮ ಸರದಿ ಬರೋ ಹೊತ್ತಿಗೆ ಕಿಟಕಿ ಮುಚ್ತಾರೆ."

"ಅರ್ಜಿ ಸರಿಯಾಗಿ ತುಂಬ್ಕೊಂಡು ಬಾ, ಬೇಗ ಆಗುತ್ತೆ," ಅಂದರು ಬ್ಲಾಜೆಯ್ ಮಾವ.

ಮೊದಲ ಆಟ ಮಾವನದು, ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ನನ್ನ ಹಾಳೆ ಬಿಡಿಸಿ, ಬೆರಳಿಟ್ಟು ಓದಿ, ಅದರಂತೆಯೇ ನಾಲ್ಕು ತೆಗೆದು ನಾಲ್ಕು ಹಾಕಿದರು. ಎರಡನೆಯ ಆಟದಲ್ಲಿ ಅರ್ಪಾಡ್ ಐದೇ ಸರದಿಯಲ್ಲಿ ಸುಟ್ಟು ಮುಗಿಸಿದರು. ಕಟ್ಟಿನೊಳಗೆ ಏನಿದೆ, ಏನಿಲ್ಲ ಎಂದು ತಿಳಿಯುವಷ್ಟು ಹೊತ್ತು ಅದು ನಡೆಯಲೇ ಇಲ್ಲ. ಮೂರನೆಯದಕ್ಕೂ ಅದೇ ಅರವತ್ತು ಕಾರ್ಡು.

ಮೂರನೆಯ ಆಟದಲ್ಲಿ ಆಡಿದಷ್ಟು ಚೆನ್ನಾಗಿ ಮಾವ ಆಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಅರ್ಪಾಡ್ ಎಸೆದ ಒಂದೊಂದು ಬೆಂಕಿಯನ್ನೂ ಆರಿಸಿದರು. ಗಡಿಯಾರದಲ್ಲಿ ಎಂಟು ನಿಮಿಷ ಉಳಿದಿದ್ದಾಗ ಮೇಜಿನ ಮೇಲೆ ಅರ್ಪಾಡ್ ಅವರದು ಏನೂ ಉಳಿದಿರಲಿಲ್ಲ, ಮಾವನ ಕೈಯಲ್ಲಿ ಆರು ಕಾರ್ಡು. ಆಗ ಮಾವ, ಕಟ್ಟನ್ನು ತೆರೆದು ಬೇಕಾದ ಒಂದು ಕಾರ್ಡನ್ನು ಹುಡುಕಿಕೊಳ್ಳಲು ಬಿಡುವ ಕಾರ್ಡು ಆಡಿದರು. ನಾನು ಹಿಂದೆ ನಿಂತಿದ್ದೆ. ಅವರ ಹೆಬ್ಬೆರಳು ಒಂದೊಂದೇ ಕಾರ್ಡನ್ನು ಸರಿಸುತ್ತಾ ಕೊನೆಯವರೆಗೆ ಹೋಯಿತು. ಮತ್ತೆ ಮೊದಲಿನಿಂದ ಬಂತು. ಅಂಬಿಗ ಇಲ್ಲ, ಅದು ಸರಿ. ಆದರೆ ಕಲ್ಲಿನ ತಾಯಿಯೂ ಇಲ್ಲ. ಮಳೆಗೋಡೆ ಎರಡು. ಗೆಲ್ಲಿಸುವ ಕಾರ್ಡು ಆ ಕಟ್ಟಿನಲ್ಲಿ ಒಂದೂ ಇರಲಿಲ್ಲ.

ನಾನು ನಕಲು ಮಾಡಿದ ಹಾಳೆಯ ಆ ಸಾಲು ಕಣ್ಣ ಮುಂದೆ ಬಂತು. ನೋಡುವವರು ಉಸಿರೆತ್ತಬಾರದು ಎಂಬ ನಿಯಮವಿದೆ. ಆ ಕ್ಷಣದಲ್ಲಿ ನಾನು ಅದಕ್ಕೆ ಋಣಿಯಾಗಿದ್ದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಾವ ತಡೆಯುವ ಕಾರ್ಡೊಂದನ್ನು ತೆಗೆದುಕೊಂಡು, ಕಟ್ಟು ಕಲೆಸಿ ಇಟ್ಟರು. ಇನ್ನೆರಡು ಸರದಿ ನಡೆಯಿತು. ಅರ್ಪಾಡ್ ಗಡಿಯಾರ ನೋಡಿದರು. ಅವರು ಹಾಗೇ ಕೂತಿದ್ದರೆ ಹೊತ್ತು ಮುಗಿದು ಇಬ್ಬರೂ ಬರ್ನೊ ಕೈಬಿಡಬೇಕು. ಅವರು ಹಾಗೆ ಕೂರುವ ಮನುಷ್ಯರಲ್ಲ. ಕೈಯಲ್ಲಿದ್ದ ಒಂದೇ ಕಾರ್ಡನ್ನು ಮೇಜಿನ ಮೇಲೆ ಮಗುಚಿಟ್ಟು, ನೆಲಮಾಳಿಗೆಯಲ್ಲಿ ಕೇಳುವ ಹಾಗೆಯೇ ಕೇಳಿದರು.

"ಮುಗಿಸೋದು ಇದೆಯೇನೋ ಬ್ಲಾಜೆಯ್?"

ಮಾವ ಬಲಗೈಯನ್ನು ಕಟ್ಟಿನ ಮೇಲೆ ಚಾಚಿ ಇಟ್ಟರು. "ಇದೆ," ಅಂದರು.

ಅರ್ಪಾಡ್ ಎದ್ದು ಕೈಚಾಚಿದರು. "ಇಬ್ಬರೂ ಹೋಗದೇ ಇರೋದಕ್ಕಿಂತ ನೀನಾದ್ರೂ ಹೋಗು, ಮಾರಾಯ," ಎಂದರು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು, ಹೆಚ್ಚು ಚಪ್ಪಾಳೆ ಅರ್ಪಾಡ್‌ಗೇ. ತೀರ್ಪುಗಾರರು ಚೀಟಿಗೆ ಇಬ್ಬರ ಸಹಿ ಹಾಕಿಸಿಕೊಂಡರು. ಯಾವ ನಿಯಮವೂ ಮುರಿದಿರಲಿಲ್ಲ.

ಬ್ಲಾಜೆಯ್ ಮಾವ ಕೈತೊಳೆಯಲು ಹೋದರು. ಬೆಳಗಿನಿಂದ ಕಾರ್ಡು ಬಿಟ್ಟು ಬೇರೇನನ್ನೂ ಮುಟ್ಟಿರದ ಕೈ. ಬಹಳ ಹೊತ್ತು ಬರಲಿಲ್ಲ.

ಕೊಶಿತ್ಸೆಗೆ ವಾಪಸು ಬರುವ ರೈಲಿನಲ್ಲಿ ಅವರು ಕಾರ್ಡಿನ ಪೆಟ್ಟಿಗೆ ತೆರೆದು, ಪಕ್ಕದ ಹದಿನೈದರಿಂದ ಅಂಬಿಗನನ್ನೂ ಕಲ್ಲಿನ ತಾಯಿಯನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹಾಕೋದು ಮರೆತೆ ಅನ್ಸುತ್ತೆ," ಅಂದರು ಕಿಟಕಿಯ ಕಡೆ ನೋಡುತ್ತಾ. ನನ್ನ ಹಾಳೆ ಅವರ ಅಂಗಿಯ ಜೇಬಿನಲ್ಲೇ ಇತ್ತು, ಅಂಚು ಕಾಣುತ್ತಿತ್ತು. ಮರೆತದ್ದು ನೀವಲ್ಲ ಎಂದು ನಾನು ಹೇಳಬೇಕಿತ್ತು. ಬರ್ನೊದಲ್ಲಿ ಹಾಸ್ಟೆಲು ಯಾವುದು ಹತ್ತಿರ ಎಂದು ಫೋನಿನಲ್ಲಿ ಹುಡುಕುವವಳ ಹಾಗೆ ತಲೆ ತಗ್ಗಿಸಿ ಕೂತೆ.

ಮುಂದಿನ ಶನಿವಾರ ಅರ್ಪಾಡ್ ನೆಲಮಾಳಿಗೆಗೆ ಬಂದಾಗ ಕೈಯಲ್ಲಿ ಒಂದು ಡಬ್ಬಿ ಇತ್ತು. ಹೆಂಡತಿ ಮಾಡಿದ ಗಸಗಸೆಯ ಸುರುಳಿ ರೊಟ್ಟಿ, ಬರ್ನೊಗೆ ಹೋಗುವವನಿಗೆ ಎಂದು. ಜೊತೆಗೆ ತಮ್ಮ ಬಳಿಯಿದ್ದ ಎರಡು ಒಳ್ಳೆಯ ಕಾರ್ಡು. ಅಲ್ಲಿ ಇವು ಬೇಕಾಗುತ್ತವೆ, ಆಡಿ ವಾಪಸು ಕೊಡು ಎಂದರು. ಬ್ಲಾಜೆಯ್ ಮಾವ ಡಬ್ಬಿಯನ್ನು ನೋಡಿದರು, ಮುಟ್ಟಲಿಲ್ಲ. ಐದು ಮೇಜಿನಲ್ಲೂ ಜನರಿದ್ದರು. ಹೊರಗೆ ಕರೆದುಕೊಂಡು ಹೋಗಿ ಹೇಳಬಹುದಿತ್ತು. ಅವರು ಅಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅರ್ಪಾಡ್, ಆವತ್ತು ಇರ್ಲಿಲ್ಲ. ಅಂಬಿಗನೂ ಇರ್ಲಿಲ್ಲ, ತಾಯಿನೂ ಇರ್ಲಿಲ್ಲ. ಹುಡುಕ್ದಾಗಲೇ ಗೊತ್ತಾಯ್ತು. ಗೊತ್ತಿದ್ದೇ ಕೈ ಇಟ್ಟೆ."

ಅರ್ಪಾಡ್ ಮೊದಲು ನಕ್ಕರು, ಛೇಡಿಸುತ್ತಿದ್ದಾನೆ ಎಂದುಕೊಂಡು. ಆಮೇಲೆ ಮಾವನ ಮುಖ ನೋಡಿ ನಗು ನಿಂತಿತು.

"ಮರೆತು ಹೋಗಿತ್ತಾ?"

"ಹಾಕೋದು ತಪ್ಪಿತ್ತು. ಇದೆ ಅಂದಿದ್ದು ಬಾಯಿ ತಪ್ಪಿದ್ದಲ್ಲ, ಬೇಕಂತಲೇ ಹೇಳಿದ್ದು."

ನಾನು ಮೂರು ಅಡಿ ದೂರದಲ್ಲಿದ್ದೆ. ಹೇಗೆ ತಪ್ಪಿತು ಎಂದು ಯಾರಾದರೂ ಕೇಳಲಿ ಎಂದು ಒಂದು ಮನಸ್ಸು, ಕೇಳದಿರಲಿ ಎಂದು ಇನ್ನೊಂದು. ಯಾರೂ ಕೇಳಲಿಲ್ಲ.

ಮೂಲೆಯಲ್ಲಿದ್ದ ಒಬ್ಬ, ಇದರಲ್ಲೇನಿದೆ, ಸುಳ್ಳು ಹೇಳಿ ನಂಬಿಸುವುದೂ ಆಟದ ಭಾಗವೇ, ಬರ್ನೊದಲ್ಲಿ ಎಲ್ಲರೂ ಮಾಡುತ್ತಾರೆ ಎಂದ. ಮಾವ ಅರ್ಪಾಡ್ ಕಡೆಗೇ ತಿರುಗಿದ್ದರು. ತಮ್ಮ ಜಾಗ ಅರ್ಪಾಡ್‌ಗೆ ಕೊಡಿ ಎಂದು ಸಂಘಟಕರಿಗೆ ಬರೆದಿದ್ದನ್ನೂ, ಸಹಿಯಾದ ಫಲಿತಾಂಶ ಬದಲಾಗುವುದಿಲ್ಲ, ಹೋಗದಿದ್ದರೆ ಆ ಕುರ್ಚಿ ಖಾಲಿ ಇರುತ್ತದೆ ಎಂದು ಉತ್ತರ ಬಂದಿದ್ದನ್ನೂ ಅರ್ಪಾಡ್‌ಗೆ ಹೇಳಿದರು.

ಅರ್ಪಾಡ್ ತಮ್ಮ ಎರಡು ಕಾರ್ಡುಗಳನ್ನು ಮೇಜಿನಿಂದ ಎತ್ತಿಕೊಂಡು, ಒಂದರ ಮೇಲೊಂದು ಜೋಡಿಸಿ ಜೇಬಿಗೆ ಹಾಕಿಕೊಂಡರು.

"ಇಲ್ಲಿವರೆಗೂ ನಾನು ಸೋತು ಗೆಳೆಯನ್ನ ಕಳಿಸ್ದೆ ಅಂತ ಮನೇಲಿ ಹೇಳ್ಕೊಂಡು ಓಡಾಡ್ತಿದ್ದೆ," ಅಂದರು ಮೆಲ್ಲಗೆ. "ಈಗ ಹೋಗಿ ಏನ್ ಹೇಳ್ಲಿ? ನೀನು ಹೇಳ್ದೇ ಇದ್ದಿದ್ರೆ ನಾನಾದ್ರೂ ಚೆನ್ನಾಗಿರ್ತಿದ್ದೆ ಕಣೋ. ನಿನ್ನೆದೆ ಹಗುರ ಮಾಡ್ಕೊಳ್ಳೋಕೆ ನಾನೇ ಬೇಕಿತ್ತಾ?"

"ಹಗುರ ಆಗ್ಲಿಲ್ಲ," ಅಂದರು ಮಾವ.

ಅರ್ಪಾಡ್ ಮೆಟ್ಟಿಲು ಹತ್ತಿ ಹೋದರು. ಡಬ್ಬಿ ಅಲ್ಲೇ ಉಳಿಯಿತು. ಅದನ್ನು ಯಾರೂ ತೆರೆಯಲಿಲ್ಲ. ಸೋಮವಾರ ಮಾವ ಅದನ್ನು ಹಾಗೇ ಆಸ್ಪತ್ರೆಯ ಅಡುಗೆಮನೆಯ ಬಾಗಿಲಿಗೆ ಮುಟ್ಟಿಸಿ ಬಂದರೆಂದು ಆಮೇಲೆ ತಿಳಿಯಿತು.

ಅವರು ಬರ್ನೊಗೆ ಹೋಗಲಿಲ್ಲ. ಮಾರ್ಚಿನ ಕೊನೆಯ ಶನಿವಾರ ಡಿಪೊಗೆ ಹೋಗಿ, ಮೇಸ್ತ್ರಿ ಬಿಟ್ಟುಕೊಟ್ಟಿದ್ದ ದಿನವೂ ಕೆಲಸ ಮಾಡಿದರು.

ನೆಲಮಾಳಿಗೆಯ ರೂಢಿ ಪೂರ್ತಿ ಹೋಗಲಿಲ್ಲ, ಬದಲಾಯಿತು. ಈಗಲೂ ಸಿಕ್ಕಿಬಿದ್ದವರು ಇದೆಯಾ ಎಂದು ಕೇಳುತ್ತಾರೆ. ಕಟ್ಟಿನ ಮೇಲೆ ಕೈ ಇಟ್ಟು ಇದೆ ಎಂದರೆ, ತೋರಿಸು ಎನ್ನುತ್ತಾರೆ. ಕಟ್ಟು ಹರಡಿ ತೋರಿಸಬೇಕು. ಮೊದಲ ಸಲ ಹಾಗೆ ಕೇಳಿದ್ದನ್ನು ನಾನು ನೋಡಿದೆ. ಕೇಳಿದವನಿಗೂ ಕೇಳಿಸಿಕೊಂಡವನಿಗೂ ಮುಖ ಎತ್ತಲಾಗಲಿಲ್ಲ.

ಏಪ್ರಿಲ್ ಕೊನೆಯಲ್ಲಿ, ನನ್ನ ಕರಡು ಹಾಳೆ ಹಿಡಿದುಕೊಂಡು ಡಿಪೊದ ಗೇಟಿಗೆ ಹೋದೆ. ಪಾಳಿ ಮುಗಿಸಿ ಹೊರಬಂದವರಿಗೆ ಅದನ್ನು ಕೊಟ್ಟು, ನಕಲು ಮಾಡುವಾಗ ತಪ್ಪಿದ್ದು ನಾನು, ನೀವಲ್ಲ ಎಂದೆ. ಆರು ವಾರ ಅಭ್ಯಾಸ ಮಾಡಿದ್ದ ಮಾತು ಅರ್ಧದಲ್ಲೇ ತೊದಲಿತು. ಅವರು ಹಾಳೆಯನ್ನು ಮುಟ್ಟಲಿಲ್ಲ, ಕೈಯಲ್ಲಿ ಗ್ರೀಸು ಇತ್ತು.

"ರೈಲಲ್ಲೇ ಗೊತ್ತಿತ್ತಮ್ಮ," ಅಂದರು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹಾಳೆ ತಪ್ಪಿದ್ದಕ್ಕೆ ಆಟ ಸೋಲ್ಬೇಕಿತ್ತು. ಸೋತಿದ್ರೆ ನಿನ್ನ ಕಿವಿ ಹಿಂಡಿ ನಗ್ತಿದ್ದೆ. ಇದೆ ಅಂದಿದ್ದು ನನ್ನ ಬಾಯಿ." ಆಮೇಲೆ, "ನೀನು ಇಷ್ಟು ದಿನ ಸುಮ್ನಿದ್ದಿದ್ದಕ್ಕೆ ನಂಗೆ ಬೇಜಾರಾಗಿತ್ತು," ಎಂದರು. ಕೋಪವಿರಲಿಲ್ಲ, ಸುಮ್ಮನೆ ಹೇಳಿದರು. ನಾನು ಅವರ ಮುಖ ನೋಡಲಾರದೆ, ಗೇಟಿನೊಳಗೆ ನಿಂತಿದ್ದ ಟ್ರಾಮಿನ ಚಕ್ರ ನೋಡುತ್ತಾ ನಿಂತೆ.

ಆ ವರ್ಷ ನನ್ನ ಪದವಿ ಮುಗಿಯಿತು. ಆಸ್ಪತ್ರೆಯ ಅಡುಗೆಮನೆಗೆ ಹೋಗಿ ಅರ್ಪಾಡ್‌ಗೂ ಹಾಳೆಯ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು, ಹೀಗೆ ತಪ್ಪು ಹೇಳಿಕೊಳ್ಳಲು ಇನ್ನೆಷ್ಟು ಜನ ಬಾಕಿ ಇದ್ದೀರಿ ಎಂದು ಕೇಳಿ, ಕುದಿಯುವ ಸಾರಿನ ಕಡೆ ತಿರುಗಿಕೊಂಡರು. ಅವರಿಬ್ಬರೂ ಈಗ ರಸ್ತೆಯಲ್ಲಿ ಸಿಕ್ಕರೆ ಮಾತಾಡುತ್ತಾರೆ, ಒಂದೇ ಮೇಜಿಗೆ ಕೂರುವುದಿಲ್ಲ.

ಬ್ಲಾಜೆಯ್ ಸೊಪ್ಕೊ ಕೊಶಿತ್ಸೆಯ ಟ್ರಾಮ್ ಡಿಪೊದಲ್ಲಿ ಈಗಲೂ ಬ್ರೇಕು ಸರಿಮಾಡುತ್ತಾರೆ, ಶನಿವಾರವೂ ಪಾಳಿ ಇರುತ್ತದೆ. ಭಾನುವಾರ ಮಧ್ಯಾಹ್ನ ನೆಲಮಾಳಿಗೆಗೆ ಬಂದು, ಕೈ ತೊಳೆದುಕೊಂಡು, ಹೊಸದಾಗಿ ಸೇರಿದವರಿಗೆ ಕಟ್ಟು ಜೋಡಿಸುವುದನ್ನು ಹೇಳಿಕೊಡುತ್ತಾರೆ. ತಾವು ಪಂದ್ಯ ಆಡುವುದಿಲ್ಲ.